ಇ-ಮೇಲ್ ಬೇಡವೆಂದ ಗಣಕ ಪಂಡಿತ

ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ಬಂದ ಸಂದೇಶಗಳನ್ನು ನೋಡುವ ಕಾಲ ಇದು. ಇ-ಮೇಲ್ ವಿಳಾಸವಿಲ್ಲದೆ ಕೆಲಸಕ್ಕೆ ಅರ್ಜಿ ಹಾಕುವುದೂ ಕಷ್ಟ. ಇಂಥ ಕಾಲದಲ್ಲೂ ಇ-ಮೇಲ್ ಇಲ್ಲದೆ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದವರೊಬ್ಬರಿದ್ದಾರೆ. ಕಂಪ್ಯೂಟರ್ ಕಂಡರೆ ದೂರ ಸರಿಯುವ ಹಳೆಯ ಕಾಲದವರಿರಬೇಕು ಎಂದುಕೊಂಡರೆ ಅದು ತಪ್ಪು. ಅವರು ಗಣಕ ವಿಜ್ಞಾನದ ಭೀಷ್ಮ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ ಡೊನಾಲ್ಡ್ ಕನೂತ್.

1938ರಲ್ಲಿ ಜನಿಸಿದ ಕನೂತ್ ಅವರ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಮೊದಲ ಸಂಪುಟ ಪ್ರಕಟವಾದದ್ದು 1968ರಲ್ಲಿ. ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1974ರಲ್ಲಿ ಅವರಿಗೆ ಸಂದಿತು. ಇ-ಮೇಲ್ ಅವರಿಗೆ ಹೊಸತೇನಲ್ಲ. 1975ರ ಸುಮಾರಿಗೇ ಅದನ್ನು ಬಳಸತೊಡಗಿದ್ದರು. 1990ರ ಜನವರಿ 1ರಂದು ನಿಲ್ಲಿಸಿಬಿಟ್ಟರು. ಹದಿನೈದು ವರ್ಷಗಳ ಬಳಕೆ ಒಂದು ಜನ್ಮಕ್ಕೆ ಸಾಕು ಎಂಬುದು ಅವರ ನಿಲುವು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ನಾವು ಹತ್ತುವ ಮೊದಲೇ ಅವರು ಆ ಬಸ್ಸಿನಿಂದ ಇಳಿದಿದ್ದರು!

ಕಾರಣವೇನು? ಸುತ್ತ ನಡೆಯುವುದನ್ನೆಲ್ಲ ಕೂಡಲೇ ತಿಳಿಯಬೇಕಾದವರಿಗೆ ಇ-ಮೇಲ್ ಒಳ್ಳೆಯ ಸಾಧನವೆಂದು ಕನೂತ್ ಒಪ್ಪುತ್ತಾರೆ. ಆದರೆ ತಮ್ಮ ಕೆಲಸ ವಿಷಯದ ತಳ ಮುಟ್ಟುವುದು, ಅದಕ್ಕೆ ದೀರ್ಘಕಾಲದ ಅಧ್ಯಯನ ಮತ್ತು ಅಡ್ಡಿಯಿಲ್ಲದ ಏಕಾಗ್ರತೆ ಬೇಕು ಎನ್ನುತ್ತಾರೆ. ಬಾವಿ ತೋಡುವವನು ಗಳಿಗೆಗೊಮ್ಮೆ ಮೇಲೆ ಹತ್ತಿ ಬಂದರೆ ನೀರು ಸಿಗುವುದು ಯಾವಾಗ?

ಹಾಗೆಂದು ಅವರು ಜನಸಂಪರ್ಕ ಕಡಿದುಕೊಳ್ಳಲಿಲ್ಲ. ಅಂಚೆಯಲ್ಲಿ ಬಂದ ಪತ್ರಗಳನ್ನು ಕೂಡಿಟ್ಟು, ಬಿಡುವು ಮಾಡಿಕೊಂಡು ಒಟ್ಟಿಗೆ ಉತ್ತರಿಸುವ ಕ್ರಮ ಇಟ್ಟುಕೊಂಡರು. ತಮ್ಮ ಗ್ರಂಥದಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2.56 ಡಾಲರ್ ಬಹುಮಾನ ಕೊಡುವ ಪದ್ಧತಿಯೂ ಪ್ರಸಿದ್ಧ. ಅವರ ಚೆಕ್ಕನ್ನು ನಗದಾಗಿಸದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರು ಬಹಳ. ಚೆಕ್ ವಂಚನೆಯ ಕಾಟದಿಂದ 2008ರಲ್ಲಿ ನಿಜವಾದ ಚೆಕ್ ನಿಲ್ಲಿಸಿ, ಕಾಲ್ಪನಿಕ ಬ್ಯಾಂಕೊಂದರ ಪ್ರಮಾಣಪತ್ರ ಕೊಡತೊಡಗಿದರು.

ಯಂತ್ರದ ಮೇಲೆ ಅವರಿಗೆ ಮುನಿಸಿಲ್ಲ. 1977ರಲ್ಲಿ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂದಾಗ ಅಕ್ಷರಗಳ ಅಂದಗೇಡು ಕಂಡು ಅವರು ನೊಂದರು. ಸೀಸದ ಅಚ್ಚುಮೊಳೆಗಳ ಕಾಲದ ಸೊಗಸು ಅದರಲ್ಲಿರಲಿಲ್ಲ. ಗ್ರಂಥರಚನೆ ಬದಿಗಿಟ್ಟು, ಪುಟ ಜೋಡಿಸುವ ‘ಟೆಕ್’ ಎಂಬ ತಂತ್ರಾಂಶವನ್ನು ತಾವೇ ಬರೆಯಲು ಕುಳಿತರು. ವರ್ಷದಲ್ಲಿ ಮುಗಿಯಬಹುದೆಂದುಕೊಂಡ ಕೆಲಸ ಹತ್ತು ವರ್ಷ ಹಿಡಿಯಿತು. ಅದನ್ನು ಉಚಿತವಾಗಿ ಹಂಚಿದರು. ಜಗತ್ತಿನ ಗಣಿತಜ್ಞರು ಇಂದಿಗೂ ತಮ್ಮ ಪ್ರಬಂಧಗಳನ್ನು ಸಿದ್ಧಪಡಿಸುವುದು ಹೆಚ್ಚಾಗಿ ಅದರಲ್ಲಿ, ಇಲ್ಲವೇ ಅದರಿಂದ ಹುಟ್ಟಿದ ತಂತ್ರಾಂಶಗಳಲ್ಲಿ.

ಕನೂತ್ ಅವರ ದಾರಿ ಎಲ್ಲರಿಗೂ ಸಾಧ್ಯವೇ? ಖಂಡಿತ ಇಲ್ಲ. ಅವರಿಗಾಗಿ ಬಂದ ಪತ್ರಗಳನ್ನು ತೆರೆದು, ಇ-ಮೇಲ್‌ಗಳನ್ನು ಮುದ್ರಿಸಿ ಕೊಡಲು ಕಾರ್ಯದರ್ಶಿಯ ನೆರವಿತ್ತು. ಮೇಲಧಿಕಾರಿಯ ಸಂದೇಶಕ್ಕೆ ರಾತ್ರಿ ಹತ್ತಕ್ಕೂ ಉತ್ತರಿಸಬೇಕಾದ ಕಿರಿಯ ಎಂಜಿನಿಯರ್‌ಗೆ ಆ ಭಾಗ್ಯವೆಲ್ಲಿಯದು? ಆದರೂ ದಿನದ ಯಾವ ಹೊತ್ತನ್ನು ಯಂತ್ರಕ್ಕೆ ಕೊಡಬೇಕು, ಯಾವುದನ್ನು ಕೊಡಬಾರದು ಎಂಬ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಹಾಕಿಕೊಳ್ಳಬಹುದು. ಊಟದ ಹೊತ್ತಿನಲ್ಲಿ ಮೊಬೈಲನ್ನು ಪಕ್ಕದ ಕೋಣೆಯಲ್ಲಿಡಲು ಕಾರ್ಯದರ್ಶಿ ಬೇಕಿಲ್ಲ.

1962ರಲ್ಲಿ ಹನ್ನೆರಡು ಅಧ್ಯಾಯಗಳ ಒಂದೇ ಪುಸ್ತಕವಾಗಿ ಕನೂತ್ ಆರಂಭಿಸಿದ ಗ್ರಂಥ ಬೆಳೆದು ಏಳು ಸಂಪುಟಗಳ ಯೋಜನೆಯಾಯಿತು. ನಾಲ್ಕನೆಯ ಸಂಪುಟದ ಎರಡನೆಯ ಭಾಗ 2022ರಲ್ಲಿ ಹೊರಬಂದಾಗ ಅವರಿಗೆ 84 ವರ್ಷ. ಉಳಿದವು ಇನ್ನೂ ಬರಬೇಕಿವೆ. ಇ-ಮೇಲಿನಿಂದ ಉಳಿಸಿದ ಹೊತ್ತೂ ಆ ಬಾವಿಗೆ ಸಾಲದಾಗಿದೆ.