ಮಡಚುವ ಸೈಕಲ್ಲಿಗೆ ಹೊಸ ಹಲ್ಲು

ದೊಡ್ಡನೆಕ್ಕುಂದಿಯಲ್ಲಿ ಮನೆ ಮಾಡಿ ಬೇರೆಡೆ ಕೆಲಸಕ್ಕೆ ಹೋಗುವವರನ್ನು ಕಾಡುವುದು ಇಡೀ ದಾರಿಯಲ್ಲ, ದಾರಿಯ ಎರಡು ತುದಿಗಳು. ನೇರಳೆ ಮಾರ್ಗದ ಮೆಟ್ರೊ 2023ರಲ್ಲಿ ವೈಟ್‌ಫೀಲ್ಡ್ ಮುಟ್ಟಿತು ನಿಜ, ಆದರೆ ಅದು ಹಾದುಹೋಗುವುದು ಗರುಡಾಚಾರ್‌ಪಾಳ್ಯ, ಹೂಡಿ ಕಡೆಯಿಂದ. ಹೊರವರ್ತುಲ ರಸ್ತೆಯ ನೀಲಿ ಮಾರ್ಗದಲ್ಲಿ ಊರಿನ ಹೆಸರಿನದೇ ಒಂದು ನಿಲ್ದಾಣವಿದೆ. ಅದರ ಕಾಮಗಾರಿಯ ಧೂಳನ್ನು ಊರು ವರ್ಷಗಟ್ಟಲೆ ಕುಡಿದಿದೆ. ಮನೆಯಿಂದ ನಿಲ್ದಾಣಕ್ಕೆ ಎರಡು ಮೂರು ಕಿಲೋಮೀಟರ್, ಇಳಿದ ಮೇಲೆ ಆಫೀಸಿಗೆ ಇನ್ನೊಂದಿಷ್ಟು. ಈ ತುಂಡು ದಾರಿಗೆ ಆಟೊದವರು ಬರುವುದಿಲ್ಲ, ಬಂದರೆ ಕೇಳುವ ದುಡ್ಡು ಮೆಟ್ರೊ ಟಿಕೆಟ್ಟಿಗಿಂತ ಹೆಚ್ಚು.

ಮಡಚುವ ಸೈಕಲ್ ಈ ಭಾಗದಲ್ಲಿ ಕಾಣಿಸಿಕೊಂಡಿರುವುದು ಅದಕ್ಕೇ. ನಮ್ಮ ಮೆಟ್ರೊ 2021ರಲ್ಲಿ ಇಂಥ ಸೈಕಲ್ಲನ್ನು ಒಳಗೆ ಬಿಟ್ಟುಕೊಂಡಿತು. ಅದೇ ವರ್ಷ ಬಿಎಂಟಿಸಿ ಕೆಲವು ಬಸ್ಸುಗಳ ಮೂತಿಗೆ ಸೈಕಲ್ ಹೊರುವ ಚೌಕಟ್ಟು ಕೂರಿಸಿತು. ಅದಕ್ಕೂ ಹಿಂದಿನ ವರ್ಷ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದ್ದರು. ಆ ಗೂಟಗಳು ಹೇಗೆ ಒಂದೊಂದಾಗಿ ಮಲಗಿದವು ಎಂಬುದನ್ನು ದಿನವೂ ಅಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ. ಮೆಟ್ರೊದ ಸಾಮಾನಿನ ಮಿತಿ 60×45×25 ಸೆಂಟಿಮೀಟರ್, ತೂಕ 15 ಕಿಲೊ. ಲಂಡನ್ನಿನ ಆಂಡ್ರೂ ರಿಚಿ 1975ರಲ್ಲಿ ರೂಪಿಸಲು ಹೊರಟ ಬ್ರಾಂಪ್ಟನ್ ಮಡಚುವ ಸೈಕಲ್ಲುಗಳಲ್ಲೆಲ್ಲ ಪುಟ್ಟದೆಂದು ಹೆಸರಾದದ್ದು. ಅದೂ ಮಡಚಿದಾಗ ಸುಮಾರು 64 ಸೆಂಟಿಮೀಟರ್ ಅಗಲ ಬರುತ್ತದೆ. ಟೇಪು ಹಿಡಿದು ನಿಂತರೆ ಯಾರೂ ಒಳಗೆ ಹೋಗಲಾರರು. ಅಳತೆ ಹೇಗೂ ಕೈಮೀರಿದ್ದು, ಆದ್ದರಿಂದ ಸವಾರರು ಚಿಂತಿಸುವುದು ತೂಕದ ಬಗ್ಗೆ. ಮೆಟ್ಟಿಲ ಮೇಲೆ ಹೊತ್ತವರಿಗೆ ಪ್ರತಿ ನೂರು ಗ್ರಾಮೂ ಗೊತ್ತು.

ಇಂಥ ಸೈಕಲ್ ಕೊಂಡವರು ನಾಲ್ಕಾರು ತಿಂಗಳಲ್ಲಿ ಕೇಳುವ ಮೊದಲ ಪ್ರಶ್ನೆ: ‘ಇದಕ್ಕೆ ಗೇರು ಹೆಚ್ಚು ಮಾಡಿಸಬಹುದಾ?’ ಮಾಡಿಸಬಹುದು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ.

ಪೇಟೆಯಲ್ಲಿ ಸಿಗುವ ಸಾಧಾರಣ ಮಡಚುವ ಸೈಕಲ್ಲಿಗೆ ಇಪ್ಪತ್ತು ಇಂಚಿನ ಚಕ್ರ, ಮುಂದೆ ಒಂದೇ ಚೈನ್‌ವೀಲ್, ಹಿಂದೆ ಆರೋ ಏಳೋ ಹಲ್ಲುಚಕ್ರಗಳ ಫ್ರೀವೀಲ್. ಮುಂದೆ 44 ಹಲ್ಲು, ಹಿಂದೆ 14ರಿಂದ 28 ಎಂದು ಇಟ್ಟುಕೊಳ್ಳಿ. ಈ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದೂವರೆ ಮೀಟರ್ ಹೋಗುತ್ತದೆ. ಅತಿ ಭಾರದ ಗೇರಿನಲ್ಲಿ ಒಂದು ತುಳಿತಕ್ಕೆ, ಅಂದರೆ ಪೆಡಲಿನ ಒಂದು ಪೂರ್ತಿ ಸುತ್ತಿಗೆ, 44ನ್ನು 14ರಿಂದ ಭಾಗಿಸಿ ಒಂದೂವರೆಯಿಂದ ಗುಣಿಸಿದರೆ 4.7 ಮೀಟರ್. ಅದೇ ಹಲ್ಲುಗಳನ್ನು 700ಸಿ ಅಳತೆಯ ದೊಡ್ಡ ಚಕ್ರಕ್ಕೆ ಹಾಕಿದರೆ 6.6 ಮೀಟರ್ ಬರುತ್ತಿತ್ತು. ನಿಮಿಷಕ್ಕೆ 80 ಸುತ್ತು ತುಳಿದರೂ ಪುಟ್ಟ ಚಕ್ರದವರು ಗಂಟೆಗೆ 23 ಕಿಲೋಮೀಟರ್ ದಾಟುವುದಿಲ್ಲ. ಸರ್ವಿಸ್ ರಸ್ತೆ ಖಾಲಿ ಸಿಕ್ಕಾಗ ಕಾಲು ಗಿರಗಿರ ತಿರುಗುತ್ತದೆ, ಸೈಕಲ್ ಅಷ್ಟಕ್ಕಷ್ಟೆ.

ಇದಕ್ಕೆ ಏಳು ಗೇರನ್ನು ಒಂಬತ್ತು ಮಾಡುವುದು ಮದ್ದಲ್ಲ. ಅದೇ 14 ಮತ್ತು 28ರ ನಡುವೆ ಇನ್ನೆರಡು ಮೆಟ್ಟಿಲು ತೂರಿಸಿದರೆ ಮಹಡಿಯ ಎತ್ತರವೇನೂ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಎರಡು ತುದಿಯ ಹಲ್ಲಿನ ಲೆಕ್ಕ. ಮುಂದೆ 52 ಹಲ್ಲಿನ ಚೈನ್‌ವೀಲ್ ಹಾಕಿದರೆ ತುಳಿತಕ್ಕೆ 5.6 ಮೀಟರ್ ಸಿಗುತ್ತದೆ, ವೇಗ 27ರ ಹತ್ತಿರ ಹೋಗುತ್ತದೆ. ಆದರೆ ಕೆ.ಆರ್. ಪುರದ ತೂಗುಸೇತುವೆ ಏರುವಾಗ ಮೊದಲಿದ್ದ ಹಗುರ ಗೇರು ಕಾಣೆಯಾಗಿರುತ್ತದೆ. ಆಗ ಹಿಂದಿನ ಫ್ರೀವೀಲನ್ನು 14–34ರದ್ದಕ್ಕೆ ಬದಲಾಯಿಸಬೇಕು. 52ನ್ನು 34ರಿಂದ ಭಾಗಿಸಿದರೆ ತುಳಿತಕ್ಕೆ 2.3 ಮೀಟರ್, ಮೊದಲಿದ್ದಷ್ಟೇ ಹಗುರ. ಗೇರಿನ ಸಂಖ್ಯೆ ಏಳೇ. ಹ್ಯಾಂಡಲ್ಲಿನಲ್ಲಿ ಗೇರು ಬದಲಿಸುವ ಶಿಫ್ಟರ್ ಹಳೆಯದೇ ಸಾಕು. ಚೈನು ಮಾತ್ರ ನಾಲ್ಕು ಇಂಚಿನಷ್ಟು ಉದ್ದ ಬೇಕಾಗುತ್ತದೆ, ಹೊಸದೇ ಹಾಕುವುದು ಮೇಲು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ 34 ಹಲ್ಲನ್ನು ತಾಳುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ನನ್ನನ್ನು ಕೇಳಿದರೆ ಈ ಭಾಗದ ರಸ್ತೆಗೆ ಇದಕ್ಕಿಂತ ಹೆಚ್ಚಿನ ಗೇರು ಬರೀ ಶೋಕಿ.

ಶೋಕಿ ಬೇಕೆನ್ನುವವರಿಗೆ ದಾರಿ ಮುಚ್ಚಿಲ್ಲ. ಫ್ರೀವೀಲಿನ ಬದಲು 11 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್ ಬೇಕಾದರೆ ಚಕ್ರದ ನಡುವಿನ ಹಬ್ ಬದಲಾಗಬೇಕು, ಹಬ್ ಬದಲಾದರೆ ಕಡ್ಡಿ ಬಿಚ್ಚಿ ಚಕ್ರವನ್ನೇ ಹೊಸದಾಗಿ ಹೆಣೆಯಬೇಕು. ಒಂಬತ್ತು ಗೇರಾದರೆ ಚೈನು ಸಪೂರವಾಗುತ್ತದೆ, ಶಿಫ್ಟರೂ ಡಿರೇಲರೂ ಒಂದೇ ಜಾತಿಯವಾಗಿರಬೇಕು. ಒಂದು ಕ್ಲಿಕ್ಕಿಗೆ ಶಿಮಾನೊ ಎಳೆಯುವ ವೈರಿನ ಉದ್ದ ಬೇರೆ, ಸ್ರ‍್ಯಾಮ್ ಎಳೆಯುವುದು ಬೇರೆ. ಮಿಶ್ರ ಮಾಡಿದರೆ ಗೇರು ಎರಡರ ನಡುವೆ ನಿಂತು ಕಟಕಟ ಹಲ್ಲು ಕಡಿಯುತ್ತದೆ. ಇಷ್ಟೆಲ್ಲ ಮಾಡಿಸುವ ಹೊತ್ತಿಗೆ ಹಾಕಿದ ದುಡ್ಡು ಮೂಲ ಸೈಕಲ್ಲಿನ ಬೆಲೆಯನ್ನೂ ಹಿಂದೆ ಹಾಕಬಹುದು.

ಫ್ರೀವೀಲ್ ಬಿಚ್ಚುವ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಅದು ಹಬ್ಬಿನ ಮರೆಗೆ ತಿರುಪಿಕೊಂಡಿರುವ ಭಾಗ, ಸವಾರ ತುಳಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಅಂದರೆ ವರ್ಷವಿಡೀ ನಿಮ್ಮ ಕಾಲೇ ಅದನ್ನು ಬಿಗಿದಿರುತ್ತದೆ. ಮೆಕ್ಯಾನಿಕ್ ಅಚ್ಚಿನ ನಟ್ ತೆಗೆದು, ಫ್ರೀವೀಲಿನ ಹೊಟ್ಟೆಯ ಕಚ್ಚುಗಳಿಗೆ ಸರಿಯಾಗಿ ಕೂರುವ ಹಲ್ಲುಹಲ್ಲಿನ ರಿಮೂವರ್ ಇಟ್ಟು, ಆ ರಿಮೂವರನ್ನು ವೈಸಿನಲ್ಲಿ ಕಚ್ಚಿಸುತ್ತಾನೆ. ಸ್ಪ್ಯಾನರ್ ಹಿಡಿದು ಗುದ್ದಾಡುವುದಿಲ್ಲ. ಚಕ್ರವನ್ನೇ ಬಸ್ಸಿನ ಸ್ಟೇರಿಂಗಿನಂತೆ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸುತ್ತಾನೆ. ಮೊದಲು ಅಲುಗುವುದಿಲ್ಲ, ಆಮೇಲೆ ಟಕ್ಕೆಂದು ಒಮ್ಮೆಲೇ ಬಿಡುತ್ತದೆ. ಹಬ್ಬನ್ನು ಉಳಿಸಿಕೊಂಡು ಫ್ರೀವೀಲ್ ತೆಗೆಯಬೇಕಾದರೆ ರಿಮ್ಮು, ಕಡ್ಡಿ ಎಲ್ಲ ಜಾಗದಲ್ಲಿರುವಾಗಲೇ ತೆಗೆಯಬೇಕು. ಕಡ್ಡಿ ಬಿಚ್ಚಿದ ಮೇಲೆ ಹಿಡಿದು ತಿರುಗಿಸಲು ಏನೂ ಉಳಿದಿರುವುದಿಲ್ಲ.

ಮಡಚುವ ಸೈಕಲ್ಲಿನ ನಿಜವಾದ ಕಸುಬು ಇರುವುದು ಮಾತ್ರ ವೈರಿನಲ್ಲಿ. ಸಾಮಾನ್ಯ ಸೈಕಲ್ಲಿಗೆ ಗೇರಿನ ವೈರ್ ಹಾಕುವಾಗ ಹ್ಯಾಂಡಲ್ ಎರಡೂ ಕಡೆ ತಿರುಗುವಷ್ಟು ಸಡಿಲ ಬಿಟ್ಟರೆ ಮುಗಿಯಿತು. ಇಲ್ಲಿ ಹಾಗಲ್ಲ. ಹ್ಯಾಂಡಲ್ ಕಂಬ ಒಂದು ಕಡೆ ಮಡಚುತ್ತದೆ, ನಡುವಿನ ಕೀಲಿನಲ್ಲಿ ಚೌಕಟ್ಟು ಇನ್ನೊಂದು ಕಡೆ. ವೈರಿನ ಹೊರಕವಚ ಈ ಎರಡು ತಿರುವುಗಳನ್ನೂ ತಾಳಬೇಕು. ಗಿಡ್ಡವಾದರೆ ಮಡಚಿದಾಗಲೆಲ್ಲ ಜಗ್ಗುತ್ತದೆ. ಬೆಳಿಗ್ಗೆ ಸರಿಯಿದ್ದ ಗೇರು ಮೆಟ್ರೊದಿಂದ ಇಳಿದು ಬಿಡಿಸಿದಾಗ ಒಂದು ಹಲ್ಲು ಅತ್ತ ಇತ್ತ ಹಾರುತ್ತದೆ. ಉದ್ದವಾದರೆ ಮಂಡಿಗೆ ತಾಗುತ್ತದೆ, ಇಲ್ಲವೇ ಕೀಲಿನ ಬಾಯಿಗೆ ಸಿಕ್ಕಿ ಚಪ್ಪಟೆಯಾಗುತ್ತದೆ. ಬಲ್ಲವರು ಹೊರಕವಚವನ್ನು ಮೊದಲು ಬರಿದೆ ಹಾಯಿಸಿ, ಸೈಕಲ್ಲನ್ನು ಪೂರ್ತಿ ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿದ ಮೇಲೆಯೇ ಕತ್ತರಿಸುತ್ತಾರೆ. ಇದನ್ನು ಮಾಡದೆ ಕಟರ್ ಹಿಡಿಯುವ ಅಂಗಡಿಯಿಂದ ಸೈಕಲ್ ವಾಪಸ್ ತರುವುದು ಒಳ್ಳೆಯದು.

ಪುಟ್ಟ ಚಕ್ರದ ಇನ್ನೊಂದು ಕಷ್ಟ, ಡಿರೇಲರ್ ನೆಲಕ್ಕೆ ತೀರ ಹತ್ತಿರ. ಉದ್ದ ತೋಳಿನದು ಹಾಕಿದರೆ ರಸ್ತೆ ಉಬ್ಬಿಗೋ ಫುಟ್‌ಪಾತಿನ ಅಂಚಿಗೋ ಕೆರೆಯುತ್ತದೆ. ಮಳೆಗಾಲದಲ್ಲಿ ಹೊರವರ್ತುಲ ರಸ್ತೆಯ ನೀರಿನಲ್ಲಿ ಮುಳುಗಿಯೇ ಏಳುತ್ತದೆ. ಮುಂದೆ ಒಂದೇ ಚೈನ್‌ವೀಲ್ ಇರುವ ಸೈಕಲ್ಲಿಗೆ ಉದ್ದ ತೋಳಿನ ಅಗತ್ಯವೂ ಇಲ್ಲ. ದೊಡ್ಡ ಚೈನ್‌ವೀಲಿಗೂ ಇದೇ ಎಚ್ಚರಿಕೆ: ಕೆಲವು ಮಾದರಿಗಳಲ್ಲಿ ಮಡಚಿ ನಿಲ್ಲಿಸಿದಾಗ ಅದರ ಹಲ್ಲು ನೆಲಕ್ಕೆ ತಾಗುತ್ತದೆ. ಅದರ ಎರಡೂ ಬದಿಯ ತಟ್ಟೆ ಅಲಂಕಾರಕ್ಕಲ್ಲ, ಮಡಚಿದಾಗ ಚೈನು ಜಾರದಿರಲಿ, ಪ್ಯಾಂಟಿಗೆ ಗ್ರೀಸ್ ಮೆತ್ತದಿರಲಿ ಎಂದು.

ಧೂಳು, ನೀರು ಎರಡರ ಕಾಟವೂ ಬೇಡವೆನ್ನುವವರಿಗೆ ಹಳೆಯ ಉಪಾಯವೊಂದಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1902ರಲ್ಲಿ ಶುರುವಾದ ಸ್ಟರ್ಮಿ–ಆರ್ಚರ್ ಕಂಪನಿ ಹಬ್ಬಿನ ಹೊಟ್ಟೆಯೊಳಗೇ ಮೂರು ಗೇರು ಅಡಗಿಸಿತು. ಅದರ ಹೆಸರಾಂತ ಮಾದರಿಯಲ್ಲಿ ನಡುವಿನ ಗೇರಿಗಿಂತ ಒಂದು ಕಾಲುಭಾಗ ಹಗುರ, ಇನ್ನೊಂದು ಮೂರನೇ ಒಂದು ಭಾಗ ಭಾರ. ಹೊರಗೆ ನೇತಾಡುವುದು ಏನೂ ಇಲ್ಲ. ಸಿಗ್ನಲ್ಲಿನಲ್ಲಿ ನಿಂತಲ್ಲೇ ಗೇರು ಬದಲಾಯಿಸಬಹುದು. ಬ್ರಾಂಪ್ಟನ್ ಇದೇ ಕಂಪನಿಯ ಹಬ್ಬನ್ನು ಬಳಸಿಕೊಂಡು ಬಂದಿದೆ. ತೊಂದರೆಯೆಂದರೆ ತೂಕ, ಮತ್ತೆ ಚಕ್ರ ಹೆಣೆಯುವ ಖರ್ಚು. ಕೆಟ್ಟರೆ ಪಂಕ್ಚರ್ ಅಂಗಡಿಯವರು ಕೈ ಮುಗಿಯುತ್ತಾರೆ.

ಗೇರಿಗೆ ಮುನ್ನ ಟಯರಿನ ಮೇಲೆ ದುಡ್ಡು ಹಾಕಿ ಎಂದು ಹೇಳದಿದ್ದರೆ ಲೇಖನ ಅಪೂರ್ಣ. ಕೊಳ್ಳುವಾಗ ಒಂದು ಎಚ್ಚರ: ಇಪ್ಪತ್ತು ಇಂಚು ಎಂದು ಕರೆಸಿಕೊಳ್ಳುವ ರಿಮ್ಮಿನಲ್ಲಿ 406 ಮತ್ತು 451 ಮಿಲಿಮೀಟರ್ ಎಂಬ ಎರಡು ಅಳತೆಗಳಿವೆ, ಒಂದರ ಟಯರ್ ಇನ್ನೊಂದಕ್ಕೆ ಕೂರದು. ಹಳೆಯ ಟಯರಿನ ಬದಿಯಲ್ಲೇ ಆ ಅಂಕಿ ಅಚ್ಚಾಗಿರುತ್ತದೆ. ಬ್ರೇಕ್ ಪ್ಯಾಡ್, ಮಡಚುವ ಪೆಡಲ್ ಇವೆಲ್ಲ ಮನೆಯಲ್ಲೇ ಆಗುವ ಕೆಲಸ. ಎಡಗಡೆ ಪೆಡಲಿನ ಮರೆ ಉಲ್ಟಾ ಎಂಬುದು ನೆನಪಿದ್ದರೆ ಸಾಕು.

ಹೊಸ ಗೇರು ಹಾಕಿಸಿಕೊಂಡವರು ಮೊದಲ ವಾರ ಕಳೆಯುವಷ್ಟರಲ್ಲಿ ‘ಗೇರು ತಡವರಿಸುತ್ತಿದೆ’ ಎಂದು ಅಂಗಡಿಗೆ ಓಡುವುದುಂಟು. ಓಡಬೇಕಿಲ್ಲ. ಹೊಸ ವೈರ್ ಎಳೆತಕ್ಕೆ ಒಗ್ಗಿ, ಕವಚದ ತುದಿಗಳು ಜಾಗ ಹಿಡಿಯುವಾಗ ಕೊಂಚ ಸಡಿಲ ಬರುವುದು ಸಹಜ. ಹಿಂದಿನ ಡಿರೇಲರಿಗೆ ವೈರ್ ಸೇರುವಲ್ಲಿ, ಅಲ್ಲಿಲ್ಲದಿದ್ದರೆ ಶಿಫ್ಟರಿನ ಬಾಯಲ್ಲಿ, ಬೆರಳಲ್ಲೇ ತಿರುಗುವ ಪುಟ್ಟ ತಿರುಪೊಂದು ಇರುತ್ತದೆ. ದೊಡ್ಡ ಹಲ್ಲಿಗೆ ಏರಲು ತಡವಾದರೆ ಅದನ್ನು ಕಾಲು ಸುತ್ತು ಹೊರಕ್ಕೆ ಬಿಡಿ, ಪೆಡಲ್ ತಿರುಗಿಸಿ ನೋಡಿ, ಸಾಲದಿದ್ದರೆ ಇನ್ನೊಂದು ಕಾಲು ಸುತ್ತು.