ಮಗುವಿನ ಎದೆಯ ಅಂಜಿಕೆ



ಚಿತೆಗೂ ಚಿಂತೆಗೂ ನಡುವೆ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಹೇಳುವುದುಂಟು. ಆ ಚಿಂತೆ ದೊಡ್ಡವರಿಗೆ ಮಾತ್ರ ಮೀಸಲೆಂದು ಅನೇಕರು ಭಾವಿಸಿದ್ದಾರೆ. ಎಳೆಯ ಮಕ್ಕಳನ್ನೂ ಅದು ಬಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಮಾವಾಸ್ಯೆಯ ದಿನ ವೃದ್ಧ ಭಕ್ತರೊಬ್ಬರು ಒಂಬತ್ತು ವರ್ಷದ ಮೊಮ್ಮಗಳನ್ನು ಶ್ರೀಮಠಕ್ಕೆ ಕರೆತಂದರು. "ಬುದ್ಧೀ, ಶಾಲೆಯ ಹೊತ್ತಾದರೆ ಹೊಟ್ಟೆನೋವೆಂದು ಅಳುತ್ತಾಳೆ. ಡಾಕ್ಟರು ಹೊಟ್ಟೆಯಲ್ಲಿ ಏನೂ ದೋಷವಿಲ್ಲವೆಂದರು. ದೃಷ್ಟಿ ತಗುಲಿರಬೇಕು, ತಾಯತ ಕಟ್ಟಬೇಕು" ಎಂದು ಬಿನ್ನವಿಸಿಕೊಂಡರು.

ನಾವು ತಾಯತ ಕಟ್ಟಲಿಲ್ಲ. ಮಗುವಿನ ಹಣೆಗೆ ವಿಭೂತಿ ಹಚ್ಚಿ, ಪ್ರಸಾದ ಕೊಟ್ಟು, ಹತ್ತಿರ ಕೂರಿಸಿಕೊಂಡೆವು. ಬಹಳ ಹೊತ್ತಿನ ಮೇಲೆ ಅವಳು ಬಾಯಿಬಿಟ್ಟಳು: "ನಾನು ಶಾಲೆಯಲ್ಲಿದ್ದಾಗ ಅಜ್ಜಿ ತೀರಿಹೋದರು. ತಾತನೂ ಹಾಗೇ ಹೋಗಿಬಿಟ್ಟರೆ?" ವೃದ್ಧರ ಕಣ್ಣು ತುಂಬಿತು.

ಅವಳ ನೋವು ಸುಳ್ಳಾಗಿರಲಿಲ್ಲ. ಮನಸ್ಸಿನ ಭಯ ಎಳೆಯ ದೇಹದಲ್ಲಿ ಹೊಟ್ಟೆನೋವಾಗಿ, ತಲೆನೋವಾಗಿ, ನಿದ್ರೆಗೇಡಾಗಿ ತೋರುತ್ತದೆ. ಪುಕ್ಕಲೆಂದು ಹಂಗಿಸಿದರೆ ಭಯ ಒಳಗೇ ಅಡಗುತ್ತದೆ. ಅಯ್ಯೋ ಪಾಪವೆಂದು ಶಾಲೆ ಬಿಡಿಸಿದರೆ ಬೆಳೆಯುತ್ತದೆ.

ತಾತನಿಗೆ ನಾವು ಹೇಳಿದ್ದು ಇಷ್ಟೇ. ಮೊದಲು ಮಗುವಿನ ಮಾತನ್ನು ಪೂರ್ತಿ ಕೇಳಿರಿ. ನನಗೇನೂ ಆಗದೆಂದು ದಿನಕ್ಕೆ ಹತ್ತು ಸಲ ಆಣೆಯಿಡಬೇಡಿ. ಆಣೆ ಮುಗಿದೊಡನೆ ಸಂಶಯ ಮರಳುತ್ತದೆ. "ನಿನ್ನ ಭಯ ನನಗೆ ತಿಳಿಯಿತು, ಭಯವಿದ್ದರೂ ನೀನು ಹೋಗಬಲ್ಲೆ" ಎನ್ನಿರಿ. ಶಾಲೆಯ ಗುರುಗಳಿಗೆ ತಿಳಿಸಿ, ಮೊದಲು ಒಂದು ಪಾಠ, ಆಮೇಲೆ ಅರ್ಧ ದಿನ, ನಂತರ ಪೂರ್ತಿ ದಿನ ಕೂರಿಸಿರಿ. ಇಷ್ಟಲಿಂಗ ಪೂಜೆಗೆ ಕುಳಿತಾಗ ಪಕ್ಕದಲ್ಲಿ ಕೂರಿಸಿಕೊಂಡು, ನಿಧಾನವಾಗಿ ಉಸಿರು ಬಿಡುತ್ತಾ ಶಿವನಾಮ ಹೇಳಿಸಿರಿ.

ಕೆಲವು ತಿಂಗಳ ಮೇಲೆ ಆ ಮಗು ಮತ್ತೆ ಮಠಕ್ಕೆ ಬಂದಿತು. "ಒಮ್ಮೊಮ್ಮೆ ಈಗಲೂ ಹೊಟ್ಟೆ ನೋಯುತ್ತೆ ಬುದ್ಧೀ, ಆದರೂ ಹೋಗ್ತೀನಿ" ಎಂದಳು. ಧೈರ್ಯವೆಂದರೆ ಇದೇ ಅಲ್ಲವೇ?

ಎಲ್ಲ ಮಕ್ಕಳಿಗೂ ಇಷ್ಟೇ ಸಾಲದು. ವಾರಗಟ್ಟಲೆ ಊಟ, ನಿದ್ರೆ, ಓದು ಕೆಟ್ಟಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿ ಹೋದರೆ ಭಕ್ತಿಗೆ ಕುಂದಿಲ್ಲ. ಅವರ ಕೈಯಲ್ಲೂ ಶಿವನ ಕರುಣೆಯೇ ಕೆಲಸ ಮಾಡುತ್ತದೆ.

ಇಂದು ಸಂಜೆ ಮನೆಯ ಮಗುವನ್ನು ಬಳಿಗೆ ಕರೆದು ಕೂರಿಸಿಕೊಳ್ಳಿರಿ. ಬುದ್ಧಿವಾದ ಆಮೇಲಾಗಲಿ. ಮೊದಲು ಅದರ ಮಾತು ಕೇಳಿರಿ.

ಸರ್ವರಿಗೂ ಸನ್ಮಂಗಳವಾಗಲಿ.