ಕೊನೆಕೊಯ್ಲಿಗೆ ಮುಂಚೆ ಮಂಡಿಗೆ ಕೆಲಸ

ವರದಹಳ್ಳಿಗೆ ಬಂದವರು ದುರ್ಗಾಂಬೆಗೆ ಕೈಮುಗಿದು ಶ್ರೀಧರ ಸ್ವಾಮಿಗಳ ಸಮಾಧಿಯತ್ತ ಮೆಟ್ಟಿಲು ಹತ್ತುತ್ತಾರೆ. ಹತ್ತುವಾಗ ಏದುಸಿರು ಬರುತ್ತದೆ, ಅಷ್ಟೆ. ಮಂಡಿಯ ನಿಜಸ್ಥಿತಿ ಗೊತ್ತಾಗುವುದು ಇಳಿಯುವಾಗ. ಮುಂದಿಟ್ಟ ಕಾಲು ಕೆಳಮೆಟ್ಟಿಲು ಮುಟ್ಟುವ ತನಕ ಇಡೀ ಮೈಭಾರವನ್ನು ಹಿಂದಿನ ಕಾಲಿನ ಮಡಿಸಿದ ಮಂಡಿ ಮತ್ತು ತೊಡೆಯ ಸ್ನಾಯು ತಡೆದು ಹಿಡಿಯಬೇಕು. ಹಾಗಾಗಿಯೇ ಫಿಸಿಯೋಥೆರಪಿಯವರು ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ ಎಂದು ಹೇಳಿಕೊಡುತ್ತಾರೆ. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ಬಹಳ ಮಂದಿ ಅದನ್ನು ಹಿಡಿಯುವುದು ನೋವಿರುವ ಕಡೆಗೇ!

ಮೆಟ್ಟಿಲನ್ನು ಬೇಕಾದರೆ ಬಿಡಬಹುದು, ತೋಟ ಬಿಡುವುದು ಹೇಗೆ? ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮನೆ ದಿಬ್ಬದಲ್ಲಿದ್ದರೆ ತೋಟ ಕೆಳಗಿನ ಕಣಿವೆಯಲ್ಲಿ. ಸುಲಿಯುವ ಯಂತ್ರ ಬಾರದ ಮನೆಗಳಲ್ಲಿ ಈಗಲೂ ಮೆಟ್ಟುಗತ್ತಿಯ ಮುಂದೆ ಕಾಲು ಮಡಿಸಿ ಕೂತು, ರಾತ್ರಿಯವರೆಗೂ ಅಡಿಕೆ ಸುಲಿಯಬೇಕು. ಅಂಥವರಿಗೆ ‘ರೆಸ್ಟ್ ತಗೊಳ್ಳಿ’ ಅನ್ನುವುದು ಸುಲಭ. ಅದು ಪೂರ್ತಿ ಸರಿಯೂ ಅಲ್ಲ. ಮಂಡಿಯ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಅದುಮಿ ಸಡಿಲವಾಗುತ್ತಿದ್ದರೇ ಒಳಗಿನ ದ್ರವದಿಂದ ಅದಕ್ಕೆ ಪೋಷಣೆ. ಕೂತಲ್ಲೇ ಕೂತರೆ ತೊಡೆ ಸೊರಗುತ್ತದೆ, ತೂಕ ಏರುತ್ತದೆ. ಒಂದು ಕಿಲೋ ತೂಕ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು 4 ಕಿಲೋ ಹೊರೆ ಕಮ್ಮಿ.

ವ್ಯಾಯಾಮಕ್ಕೆ ಸಲಕರಣೆಯೇನೂ ಬೇಡ. ಕಾಲು ಚಾಚಿ ಮಲಗಿ, ಸುತ್ತಿದ ಟವೆಲನ್ನು ಮಂಡಿಯ ಕೆಳಗಿಡಿ. ಟವೆಲು ಚಪ್ಪಟೆಯಾಗುವಂತೆ ಮಂಡಿಯನ್ನು ಕೆಳಕ್ಕೆ ಒತ್ತಿ, ಐದು ಎಣಿಸಿ, ಸಡಿಲ ಬಿಡಿ. ಒತ್ತುವಾಗ ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಬಿಗಿಯುವುದು ತಿಳಿಯುತ್ತದೆ, ಬಿಗಿಯದಿದ್ದರೆ ಲೆಕ್ಕಕ್ಕಿಲ್ಲ. ಮುಂದೆ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನಕ್ಕೆ ಕೂರುವುದು. ತುಸು ನೋವಾದರೆ ಹೆದರಬೇಕಿಲ್ಲ. ಮರುದಿನವೂ ನೋವು ಏರಿಯೇ ಇದ್ದರೆ, ಊದಿದರೆ, ಅಳತೆ ಮೀರಿತೆಂದೇ ಅರ್ಥ. ಸುಲಿಯಲು ಕೂರುವ ಮಣೆಯನ್ನು ಎತ್ತರಿಸುವುದು, ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕುವುದೂ ಚಿಕಿತ್ಸೆಯೇ. ಎಣ್ಣೆ ತಿಕ್ಕಿದರೆ ಹಿತ, ಬೇಡವೆನ್ನಲಾರೆ. ಆದರೆ ತೊಡೆಗೆ ಬಲ ಎಣ್ಣೆಯಿಂದ ಬರುವುದಿಲ್ಲ.

ಈ ಭಾಗದಲ್ಲಿ ಕೀಲುನೋವು ಎಂದರೆ ಹಂದಿಗೋಡು ಕಾಯಿಲೆಯ ನೆನಪೂ ಬರುತ್ತದೆ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಗುರುತಿಸಿದ ಅದು ವಂಶಪಾರಂಪರ್ಯವಾಗಿ ಬರುವಂಥದ್ದು. ಮುಖ್ಯವಾಗಿ ಸೊಂಟದ ಕೀಲನ್ನು ಹಿಡಿದು, ಎಳೆಯರನ್ನೂ ಕಾಡುತ್ತದೆ. ವಯಸ್ಸಾದ ಮೇಲೆ ಬರುವ ಮಂಡಿಸವೆತ ಬೇರೆ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಮಂಡಿ ಬದಲಾಯಿಸಲೇಬೇಕಾಗಿ ಬಂದರೂ ಇದೇ ವ್ಯಾಯಾಮ ತಪ್ಪಿದ್ದಲ್ಲ.

‘ಸುಗ್ಗಿ ಮುಗೀಲಿ, ಆಮೇಲೆ ನೋಡೋಣ’ ಎನ್ನುವುದು ಇಲ್ಲಿಯ ರೂಢಿ. ಸ್ನಾಯು ಗಟ್ಟಿಯಾಗಲು 6ರಿಂದ 12 ವಾರ ಬೇಕು. ಹಾಗಾಗಿ ಆಷಾಢದ ಮಳೆಯಲ್ಲಿ, ತೋಟದ ಕೆಲಸ ತುಸು ಸಡಿಲವಿದ್ದಾಗಲೇ ಟವೆಲು ಸುತ್ತಿಟ್ಟುಕೊಂಡವರಿಗೆ ಕೊನೆಗಾರ ಬರುವ ಹೊತ್ತಿಗೆ ತೋಟದ ಇಳಿಜಾರು ಇಳಿಯುವಷ್ಟು ಕಾಲು ಸಿಕ್ಕಿರುತ್ತದೆ.